ಕೊಟ್ಟಿಗೆಗನ್ನಡಿ

ಹಾಲಗಿನಾಳದ ಪಶು ಆಸ್ಪತ್ರೆಯ ಅಂಗಳದಲ್ಲಿ ಅಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಒಂದು ಹಿಂಡು ಸೀಮೆ ಹಸುಗಳು ಬಂದು ನಿಂತವು. ಸಗಣಿ ಇಲ್ಲ, ವಾಸನೆ ಇಲ್ಲ, ಒಂದು ನೊಣ ಕೂಡ ಇಲ್ಲ. ಕಪ್ಪು ಬಿಳುಪು ಮಚ್ಚೆಯ ದಪ್ಪ ದಪ್ಪ ಹಸುಗಳು ಬೆಳಕಿನ ಗೂಟಗಳಿಗೆ ಕಟ್ಟಿಸಿಕೊಂಡು ಬೆಳಕಿನ ಮೇವನ್ನೇ ಮೆಲುಕು ಹಾಕುತ್ತಿದ್ದವು. ಬೇವಿನ ಮರದ ಕೆಳಗೆ ಮಲಗಿದ್ದ ಆಸ್ಪತ್ರೆಯ ನಾಯಿ ಒಂದು ಸಲ ಬೊಗಳಿ, ಒಂದು ಹಸುವಿನ ಹೊಟ್ಟೆಯೊಳಗಿಂದ ಆ ಕಡೆಗೆ ಹಾದುಹೋಗಿ, ಇದರಲ್ಲಿ ತನಗೇನೂ ಲಾಭವಿಲ್ಲವೆಂದು ತಿಳಿದು ಮತ್ತೆ ಮಲಗಿತು.

ಹಸುಗಳ ಎದುರು ನಿಂತಿದ್ದವನು ಹಾಲಿನ ಪುಡಿ ಮಾರುವ ಕಂಪನಿಯ ತರುಣ. ಹಾಲಿನ ಪುಡಿಯೆಂದರೆ ನಾವು ಕುಡಿಯುವ ಪುಡಿಯಲ್ಲ; ದನಕ್ಕೆ ತಿನ್ನಿಸಿದರೆ ಹಾಲು ಕಾಲು ಪಾಲು ಹೆಚ್ಚುತ್ತದೆಂದು ಅವನು ಹೇಳುತ್ತಿದ್ದ ಪುಡಿ. ಅದಕ್ಕೆ ಆಧಾರವಾಗಿ ಒಂದು ವೈಜ್ಞಾನಿಕ ಪ್ರಬಂಧವನ್ನೂ ತಂದಿದ್ದ. ವೈದ್ಯೆ ಇಂಚರಾ ಕಮಡೊಳ್ಳಿ ಅದನ್ನು ಓದುವ ಗೋಜಿಗೆ ಹೋಗದೆ, ಹಾಲಿನ ಕ್ಯಾನಿನಷ್ಟು ದೊಡ್ಡದಾದ ಒಂದು ಡಬ್ಬಿಯ ಬಾಯಿಗೆ ಹಾಕಿದ್ದಳು. ಹಸುಗಳು ಬಂದದ್ದು ಆ ಡಬ್ಬಿಯೊಳಗಿಂದ.

"ಅಲ್ರಿ ಸಾಹೇಬ್ರ, ಆ ಕಡೀ ಸಾಲಿನಾಗ ಗೂಟ ಅದಾವ, ಆಕಳ ಇಲ್ಲ. ಎಲ್ಲಿ ಹೋದ್ವು?" ಎಂದು ಕೇಳಿದವಳು ಪ್ರಿಯಾಂಕವ್ವ. ಈ ಶತಮಾನ ಹುಟ್ಟುವ ಹೊತ್ತಿಗೆ ಹುಟ್ಟಿದ ಹುಡುಗಿಯರಿಗೆಲ್ಲ ಅಂಥ ಹೆಸರು. ಈಗ ಅವರೆಲ್ಲ ಅಜ್ಜಿಯರಾಗಿ, ಹೆಸರಿಗೆ ಅವ್ವ ಸೇರಿಸಿಕೊಂಡು, ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು.

"ಅವು... ಪ್ರಯೋಗದ ನಡುವೆ ಕೈಬಿಟ್ಟ ಹಸುಗಳು" ಎಂದ ತರುಣ.

"ಯಾಕ ಕೈಬಿಟ್ರಿ?"

"ಪ್ರಬಂಧದಲ್ಲಿ ಕಾರಣ ಬರೆದಿಲ್ಲ."

"ಪುಡಿ ತಿಂದ ಸಾಲಿನಾಗ ಎಂಟ ಗೂಟ ಖಾಲಿ, ತಿನ್ನದ ಸಾಲಿನಾಗ ಒಂದೂ ಇಲ್ಲ. ಅಲ್ಲೇ ಹಿಂದ ಹಿಮಾ ಬೀಳಾಕತ್ತೈತಿ. ನಮ್ಮ ಎಮ್ಮಿ ಹಿಮಾ ನೋಡ್ಯಾವೇನು?"

ಕಟ್ಟೆಯ ಮೇಲಿದ್ದವರು ನಕ್ಕರು. ತರುಣ ಒಳ್ಳೆಯವನೇ, ಅವನಿಗೂ ನಗು ಬಂತು. ಚೀಲ ಮಡಚಿಕೊಂಡು, ಒಂದು ಲೋಟ ಚಹಾ ಕುಡಿದು ಹೊರಟುಹೋದ.

ಆ ಡಬ್ಬಿಗೆ ಅದನ್ನು ಮಾಡಿದವನು ಒಂದು ಮಾರುದ್ದದ ಹೆಸರಿಟ್ಟಿದ್ದ. ಊರವರು ಅದನ್ನು ಕೊಟ್ಟಿಗೆಗನ್ನಡಿ ಎಂದು ಕರೆದು ಕೈ ತೊಳೆದುಕೊಂಡಿದ್ದರು. ಮಾಡಿದವನು ರೆಹಮತ್ ತೋರಗಲ್, ಪಶುವೈದ್ಯ ಕಾಲೇಜಿನಲ್ಲಿ ಇಂಚರಾಳ ಸಹಪಾಠಿ. ಎರಡನೆಯ ವರ್ಷದಲ್ಲಿ ಒಂದು ಎಮ್ಮೆ ಒದ್ದು ಮೂರು ಪಕ್ಕೆಲುಬು ಮುರಿದ ಮೇಲೆ ಅವನು ದನಗಳ ಸಹವಾಸ ಬಿಟ್ಟು ಅಂಕಿಸಂಖ್ಯೆಗಳ ಸಹವಾಸಕ್ಕೆ ಬಿದ್ದಿದ್ದ. ಅಂಕಿಗಳು ಒದೆಯುವುದಿಲ್ಲ ಎನ್ನುವುದು ಅವನ ನಂಬಿಕೆ.

ಅವನು ಈ ಕನ್ನಡಿ ಮಾಡಲು ಕಾರಣವಿತ್ತು. ಆ ಕಾಲಕ್ಕೆ ದನಗಳ ರೋಗದ ಮೇಲೆ ದಿನ ಬೆಳಗಾದರೆ ರಾಶಿ ರಾಶಿ ಪ್ರಬಂಧಗಳು ಹುಟ್ಟುತ್ತಿದ್ದವು. ಕೆಲವು ಗಟ್ಟಿ, ಕೆಲವು ಅರೆಬೆಂದವು, ಕೆಲವನ್ನು ಔಷಧ ಮಾರುವವರೇ ಬರೆಸಿದ್ದು. ಹಳ್ಳಿಯ ವೈದ್ಯರಿಗೆ ಬೆಳಿಗ್ಗೆ ಕರು ಎಳೆಯುವ ಕೆಲಸ, ಮಧ್ಯಾಹ್ನ ಲಸಿಕೆ. ಪ್ರಬಂಧ ಓದುವುದೆಂದರೆ ಅದರ ಕೊನೆಯ ಸಾಲು ಓದುವುದು ಎಂದಾಗಿತ್ತು. ರೆಹಮತ್ ಓದಿನ ಕಷ್ಟವನ್ನು ಕಣ್ಣಿಗೆ ವರ್ಗಾಯಿಸಿದ. ಅವನ ಡಬ್ಬಿ ಪ್ರಬಂಧದ ಪಟ್ಟಿಗಳನ್ನೆಲ್ಲ ಹೀರಿಕೊಂಡು, ಪ್ರಯೋಗ ನಡೆದ ಊರಿನ ಆ ವರ್ಷದ ಹವೆ, ಮೇವು, ತಳಿಗಳ ಮಾಹಿತಿ ಸೇರಿಸಿ, ಪ್ರಯೋಗಕ್ಕೆ ಒಳಗಾದ ಅಷ್ಟೂ ದನಗಳನ್ನು ಅಂಗಳಕ್ಕೆ ತಂದು ಕಟ್ಟುತ್ತಿತ್ತು. ಪ್ರಬಂಧ ಹೇಳದೆ ಬಿಟ್ಟದ್ದು ಮಂಜಾಗಿ ಕಾಣುತ್ತಿತ್ತು. ಲೆಕ್ಕದಿಂದ ಕಾಣೆಯಾದ ದನಗಳ ಜಾಗದಲ್ಲಿ ಖಾಲಿ ಗೂಟ ಉಳಿಯುತ್ತಿತ್ತು. ಸರಿ, ತಪ್ಪು ಎಂಬ ತೀರ್ಪನ್ನು ಮಾತ್ರ ಕನ್ನಡಿ ಹೇಳುತ್ತಿರಲಿಲ್ಲ. ಅದು ನೋಡುವವರ ಕೆಲಸ ಎಂದು ರೆಹಮತ್ ಹಟ ಹಿಡಿದು ಬಿಟ್ಟಿದ್ದ.

"ಬಾಯಾರ, ನಿಮ್ಮ ಕಾಗದನೂ ಇದರಾಗ ಹಾಕ್ರಿ. ನಮ್ಮ ಎಮ್ಮಿ ಹೆಂಗ ಕಾಣ್ತಾವ ನೋಡೂಣು" ಎಂದು ತರುಣ ಹೋದ ಮೇಲೆ ಪ್ರಿಯಾಂಕವ್ವ ವೈದ್ಯೆಗೆ ಹೇಳಿದಳು.

ಇಂಚರಾ ಅದನ್ನೇ ಕಾಯುತ್ತಿದ್ದಳು. ಹೇಳಿಕೊಳ್ಳಲು ಸಂಕೋಚವಾದರೂ, ರೆಹಮತ್‌ನನ್ನು ಡಬ್ಬಿಯ ಸಮೇತ ಹಾಲಗಿನಾಳಕ್ಕೆ ಕರೆಸಿದ್ದೇ ಅದಕ್ಕೆ. ಅವಳ ಪ್ರಬಂಧ ಹೋದ ತಿಂಗಳು ದೊಡ್ಡ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ವಿಷಯ ಮೂಕ ಬೆದೆ. ಬೇಸಿಗೆಯಲ್ಲಿ ಎಮ್ಮೆಗೆ ಬೆದೆ ಬಂದರೂ ಅದು ಕೂಗುವುದಿಲ್ಲ, ಚಡಪಡಿಸುವುದಿಲ್ಲ. ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಗಬ್ಬವಿಲ್ಲ, ಕರುವಿಲ್ಲ, ಕರುವಿಲ್ಲದ ಮೇಲೆ ಹಾಲೆಲ್ಲಿ? ಇದಕ್ಕೆಂದು ಇಂಚರಾ ವರ್ಷಗಟ್ಟಲೆ ದುಡಿದು ಬೆದೆಸೂಜಿ ಎಂಬ ಚುಚ್ಚುಮದ್ದು ಸಿದ್ಧಪಡಿಸಿದ್ದಳು. ಸುತ್ತಲ ಹಳ್ಳಿಗಳ ಅರವತ್ತು ಎಮ್ಮೆಗಳನ್ನು ಪಂಚಾಯಿತಿ ಕಟ್ಟೆಯಲ್ಲಿ ಎಲ್ಲರೆದುರು ಚೀಟಿ ಎತ್ತಿ ಎರಡು ಪಾಲು ಮಾಡಿ, ಒಂದು ಪಾಲಿಗೆ ತಿಂಗಳಿಗೊಮ್ಮೆ ಸೂಜಿ ಹಾಕಿ, ಇನ್ನೊಂದು ಪಾಲನ್ನು ಹೋಲಿಕೆಗಾಗಿ ಹಾಗೇ ಬಿಟ್ಟಿದ್ದಳು. ಸೂಜಿಯ ಎಮ್ಮೆಗಳಲ್ಲಿ ಗಬ್ಬವಾದವು ಇನ್ನೊಂದು ಪಾಲಿನ ಎರಡರಷ್ಟು. ಬರುವ ಸೋಮವಾರ ಊರಲ್ಲಿ ದೊಡ್ಡ ಸಮಾರಂಭ. ಅಂದಿನಿಂದ ಜಿಲ್ಲೆಯ ಎಲ್ಲ ಎಮ್ಮೆಗಳಿಗೂ ಬೆದೆಸೂಜಿ.

ಡಬ್ಬಿ ಗುಂಯ್ ಎಂದಿತು. ಸೀಮೆ ಹಸುಗಳು ಕರಗಿ, ಅವುಗಳ ಜಾಗದಲ್ಲಿ ಕರಿಗಪ್ಪು ಎಮ್ಮೆಗಳು ಎರಡು ಸಾಲಾಗಿ ಬಂದು ನಿಂತವು. ಕಟ್ಟೆಯ ಮೇಲೆ ಕೇಕೆ ಎದ್ದಿತು. "ಅಕಾ ನಮ್ಮ ಮುರಕಗೋಡಿ, ಸೊಟ್ಟ ಕೋಡ ನೋಡು!" "ಅದು ನಂದು, ಬಾಲ ನೋಡು!" ಎಂದು ತಮ್ಮ ತಮ್ಮ ಎಮ್ಮೆಗಳನ್ನು ಗುರುತು ಹಿಡಿದು ಎಲ್ಲರೂ ಸಂಭ್ರಮಿಸಿದರು. ಖಾಲಿ ಗೂಟಗಳು ಎರಡೇ ಎರಡು, ಅವುಗಳ ಮೇಲೂ ಕಾರಣ ಮೂಡಿತ್ತು: ಒಂದಕ್ಕೆ ಹಾವು ಕಚ್ಚಿತ್ತು, ಇನ್ನೊಂದು ಮಗಳ ಮನೆಗೆ ಬಳುವಳಿಯಾಗಿ ಹೋಗಿತ್ತು. ಇಂಚರಾಳ ಮುಖ ಅರಳಿತು.

ರೆಹಮತ್ ಎರಡು ಸಾಲುಗಳ ನಡುವೆ ಧೈರ್ಯವಾಗಿ ನಡೆದ. ಬೆಳಕಿನ ಎಮ್ಮೆಗಳ ಮುಂದೆ ಅವನು ಹುಲಿ. ಆ ತುದಿಗೆ ಹೋಗಿ ಈ ತುದಿಗೆ ಬಂದವನು ತಲೆ ಕೆರೆದುಕೊಂಡ.

"ಇಂಚರಾ, ಈ ಸೂಜಿ ಸಾಲಿನ ಎಮ್ಮಿ ಬೆನ್ನ ನೋಡು. ಒಂದರದೂ ಎಲುವು ಕಾಣವಲ್ಲದು. ಆ ಸಾಲಿನವಕ್ಕ ಸೊಂಟದ ಎಲುವಿಗೆ ಅಂಗಿ ನೇತಹಾಕಬಹುದು."

"ಬೆದೆಸೂಜಿ ಹಸಿವು ಹೆಚ್ಚು ಮಾಡ್ತೈತಿ. ಪ್ರಬಂಧದಾಗ ಬರದೀನಲ್ಲ."

"ಬರದೀ. ಎಷ್ಟ ತಿಂತಾವ ಅಂತ ಅಳದೀಯೇನು?"

ತೂಕದ ಪಟ್ಟಿಯನ್ನು ಇಂಚರಾಳೇ ಪ್ರಬಂಧದ ಕೊನೆಯಲ್ಲಿ ಸೇರಿಸಿದ್ದಳು. ಕಾರಣವನ್ನು ಮಾತ್ರ ಊಹೆಯಿಂದ ಬರೆದಿದ್ದಳು.

"ಮೇವು ಬದಲು ಮಾಡೀರೇನು ಅಂತ ಮನಿ ಮನಿಗೆ ಹೋಗಿ ಕೇಳೀನಿ. ಎಲ್ಲಾರೂ ಇಲ್ಲಂದಾರ."

"ಹಂಗಾರ ಇವು ಗಾಳಿ ತಿಂದ ದಪ್ಪ ಆಗ್ಯಾವ" ಎಂದ ರೆಹಮತ್.

ಸ್ನೇಹಿತನ ತಮಾಷೆ ಅಂದು ಅವಳಿಗೆ ಹಿಡಿಸಲಿಲ್ಲ. ಅವಳು ಹೋಗಿ ಡಬ್ಬಿಯ ಗುಂಡಿ ಒತ್ತಿದಳು. ಅಷ್ಟೂ ಎಮ್ಮೆಗಳು ಮಾಯವಾದವು. "ನಿನಗ ಇನ್ನೊಮ್ಮೆ ಎಮ್ಮಿ ಒದ್ದರ ಬುದ್ಧಿ ಬರ್ತೈತಿ" ಎಂದು ಹೇಳಿ, ಲಸಿಕೆಯ ಪೆಟ್ಟಿಗೆ ಹೆಗಲಿಗೇರಿಸಿ ಊರೊಳಗೆ ನಡೆದಳು. ಅವನು ಹೇಳಿದ್ದು ಸುಳ್ಳಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ನಾಲ್ಕಾರು ಮನೆ ಮುಗಿಸಿ ಬರುವಷ್ಟರಲ್ಲಿ ಪ್ರಿಯಾಂಕವ್ವನೂ ಕಟ್ಟೆಯಿಂದ ಮನೆಗೆ ಮರಳಿದ್ದಳು. ಅವಳ ಮನೆಯಲ್ಲಿ ಎರಡು ಎಮ್ಮೆ. ಚೀಟಿ ಎತ್ತಿದಾಗ ಮಿಂಚಿ ಎಂಬುದಕ್ಕೆ ಬೆದೆಸೂಜಿ ಬಂದಿತ್ತು, ಗೌರಿ ಎಂಬುದಕ್ಕೆ ಬಂದಿರಲಿಲ್ಲ. ಈಗ ಮಿಂಚಿಗೆ ಗಂಟಲುಬೇನೆಯ ಲಸಿಕೆ ಬಾಕಿಯಿತ್ತು. ಇಂಚರಾ ಚುಚ್ಚಿದಳು. ಮಿಂಚಿ ಕೊಂಬು ಕೊಡವಿ, ಮುಖ ತಿರುಗಿಸಿ ನಿಂತಿತು. ಕೈ ತೊಳೆದು ತಿರುಗಿ ನೋಡಿದರೆ ಹಿತ್ತಲ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಏನೋ ಕೊತಕೊತ ಕುದಿಯುತ್ತಿತ್ತು. ಬೆಲ್ಲದ ವಾಸನೆ.

"ಇದೇನ ಯವ್ವಾ, ಬೀಗರು ಬರೂರದಾರೇನು?"

"ಬೀಗರ್ಯಾಕ ಬರ್ತಾರ ಬಾಯಾರ? ಮಿಂಚಿಗೆ ಹುರಳಿ. ರಮಿಸಾಕ ಬೇಕಲ್ರಿ. ಚುಚ್ಚಿಸ್ಕೊಂಡಾಳ. ಸಿಟ್ಟಿಗೆದ್ದು ಸಂಜೀಕ ಹಾಲು ಏರಿಸಿಕೊಂಡು ಹಿಂಡಾಕ ಬಿಡ್ಲಿಲ್ಲಂದ್ರ ಏನ್ ಮಾಡೂದು?"

ಇಂಚರಾ ಕೈ ಒರೆಸುವುದನ್ನು ಅಲ್ಲಿಗೇ ನಿಲ್ಲಿಸಿದಳು.

"ಎಷ್ಟ ದಿನಾ ರಮಿಸ್ತೀರಿ?"

"ಸಿಟ್ಟು ಇಳಿಯೂಮಟಾ. ಎಂಟ ದಿನಾ, ಹತ್ತ ದಿನಾ. ಇಕೀದು ಮೊದಲ ಮೂಗಿನ ತುದೀಗೆ ಸಿಟ್ಟು."

"ನಾನು ಬೆದೆಸೂಜಿ ಹಾಕಿದಾಗೂ?"

"ನೀವು ತಿಂಗಳಾ ತಿಂಗಳಾ ಚುಚ್ಚಿದ್ರಿ, ನಾವು ತಿಂಗಳಾ ತಿಂಗಳಾ ರಮಿಸಿದ್ವಿ. ನಾ ಒಬ್ಬಾಕೀನ ಅಲ್ಲ, ನಮ್ಮ ಕಡೀ ಎಲ್ಲಾರೂ ಹಂಗ. ಮೂಕ ಪ್ರಾಣಿ, ನೋವಾಗೇತಿ ಅಂತ ಬಾಯಿಲೆ ಹೇಳ್ತಾವೇನು?"

"ಮತ್ತ ಮೇವು ಬದಲು ಮಾಡೀರೇನು ಅಂತ ಕೇಳಿದ್ರ ಇಲ್ಲಂದ್ರಲ್ಲ!"

ಪ್ರಿಯಾಂಕವ್ವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಮೇವೆಲ್ಲಿ ಬದಲಾಗೇತ್ರಿ? ಅದ ಹುಲ್ಲು, ಅದ ಕಣಕಿ, ಅದ ಹಿಂಡಿ. ಇದು ಮೇವಲ್ರಿ, ರಮಿಸೂದು. ಗಂಡ ಸಿಟ್ಟ ಮಾಡಿಕೊಂಡಾಗ ಹೋಳಗಿ ಮಾಡಿದ್ರ ಅದನ್ನ ಊಟದ ಲೆಕ್ಕಕ್ಕ ಹಿಡೀತಾರೇನು?"

ಪಕ್ಕದ ಗೂಟದಲ್ಲಿ ಗೌರಿ ಕತ್ತು ಚಾಚಿ ಪಾತ್ರೆಯ ಕಡೆಗೇ ನೋಡುತ್ತಿತ್ತು. ಅದರ ಸೊಂಟದ ಎಲುಬು ಎದ್ದು ಕಾಣುತ್ತಿತ್ತು.

"ಗೌರಿಗೆ?"

"ಆಕೀಗ್ಯಾಕ? ಆಕೀ ಏನ ಚುಚ್ಚಿಸ್ಕೊಂಡಾಳು?"

ಇಂಚರಾ ಹಿತ್ತಲ ಕಲ್ಲಿನ ಮೇಲೆ ಕುಸಿದು ಕುಳಿತಳು. ಅಳು ಬರುವ ಮೊದಲು ನಗು ಬಂತು. ಇಂಥ ಪರೀಕ್ಷೆಯಲ್ಲಿ ಎರಡೂ ಪಾಲಿಗೆ ಸೂಜಿ ಹಾಕಬೇಕು, ಒಂದಕ್ಕೆ ಔಷಧ, ಇನ್ನೊಂದಕ್ಕೆ ಬರೀ ಉಪ್ಪುನೀರು. ಯಾವ ಎಮ್ಮೆಗೆ ಯಾವುದೆಂದು ಮನೆಯವರಿಗೆ ತಿಳಿಯಬಾರದು. ಇದು ಮೊದಲ ವರ್ಷದ ಹುಡುಗರಿಗೂ ಗೊತ್ತಿರುವ ಪಾಠ. ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪಾಪ, ಉಪ್ಪುನೀರಿಗಾಗಿ ಮೂವತ್ತು ಎಮ್ಮೆಗಳಿಗೆ ತಿಂಗಳಾ ತಿಂಗಳಾ ಯಾಕೆ ನೋವು ಕೊಡಬೇಕೆಂದು ಕನಿಕರಪಟ್ಟು ಬಿಟ್ಟಿದ್ದಳು. ಅವಳು ಚುಚ್ಚದೆ ಬಿಟ್ಟವುಗಳ ಮೇಲೆ ಕನಿಕರ ತೋರಿದ್ದಳು, ಊರವರು ಚುಚ್ಚಿಸಿಕೊಂಡವುಗಳ ಮೇಲೆ. ಇಬ್ಬರ ಕರುಣೆಯೂ ಸೇರಿ ಪ್ರಯೋಗವನ್ನು ಅಡಿಮೇಲು ಮಾಡಿತ್ತು. ಮೈ ತುಂಬಿಕೊಂಡ ಎಮ್ಮೆಗೆ ಬೆದೆ ಸರಿಯಾಗಿ ಬರುತ್ತದೆ ಎನ್ನುವುದು ಹಳೆಯ ಮಾತು. ಹಾಗಾದರೆ ಕೆಲಸ ಮಾಡಿದ್ದು ಸೂಜಿಯೋ, ಹುರುಳಿಯೋ?

ಸಂಜೆ ಅವಳು ಇಲಾಖೆಯ ನಿರ್ದೇಶಕ ಚಿನ್ಮಯ ಅವರಿಗೆ ಫೋನು ಮಾಡಿದಳು. ಅವರು ಮೈಸೂರಿನ ಕಡೆಯವರು, ಮೃದು ಮಾತಿನ ಮನುಷ್ಯ.

"ಅಲ್ಲಾ ಡಾಕ್ಟ್ರೇ, ಪೆಂಡಾಲು ಹಾಕಾಗಿದೆ, ಅಡುಗೆಯವರಿಗೆ ಹೇಳಾಗಿದೆ. ಈಗ ಹುರುಳಿ ಅಂತೀರಲ್ಲಾ! ಎಮ್ಮೆ ಗಬ್ಬ ಆಯ್ತು ತಾನೇ? ಸೂಜಿಯಿಂದಾದ್ರೇನು, ಹುರುಳಿಯಿಂದಾದ್ರೇನು?"

ಒಂದು ಕ್ಷಣ ಆ ಮಾತು ಇಂಚರಾಳಿಗೂ ಹಿತವಾಗಿ ಕೇಳಿತು. ಹೂಂ ಎಂದುಬಿಟ್ಟರೆ ಸೋಮವಾರ ಹಾರ, ತುರಾಯಿ, ಅಪ್ಪ ಅವ್ವ ಮುಂದಿನ ಸಾಲಿನಲ್ಲಿ. ವರ್ಷಗಳ ದುಡಿಮೆ ಸಾರ್ಥಕ. ಆದರೆ ಗೌರಿ ಕತ್ತು ಚಾಚಿ ನಿಂತದ್ದು ಅವಳ ಕಣ್ಣಿನಿಂದ ಹೋಗಲೊಲ್ಲದು.

"ಸರ್, ಎಮ್ಮೆಯನ್ನು ರಮಿಸೋ ಪದ್ಧತಿ ನಮ್ಮ ಈ ನಾಲ್ಕು ಹಳ್ಳಿಗಳಲ್ಲಿದೆ. ಜಿಲ್ಲೆ ತುಂಬ ಇಲ್ಲ. ಅಲ್ಲಿ ನಾವು ಕಳಿಸೋದು ಬರೀ ಸೂಜಿ. ಹುರುಳಿ ಇಲ್ಲೇ ಉಳಿಯುತ್ತೆ."

ಆ ಕಡೆಯಿಂದ ದೀರ್ಘ ನಿಟ್ಟುಸಿರು ಕೇಳಿತು. "ಸರಿ. ವೇದಿಕೆ ಮೇಲೆ ನೀವೇ ಹೇಳ್ಬಿಡಿ. ನಾನು ಕೆಳಗೆ ಜನರ ಜೊತೆ ಕೂತ್ಕೋತೀನಿ. ಊಟ ಅಂತೂ ಇದ್ದೇ ಇದೆ."

ಆಸ್ಪತ್ರೆಯ ಕಟ್ಟೆಯ ಮೇಲೆ ರೆಹಮತ್ ಒಬ್ಬನೇ ಮಂಡಕ್ಕಿ ತಿನ್ನುತ್ತ ಕುಳಿತಿದ್ದ. ಅವಳ ಮುಖ ನೋಡಿ, "ಯಾಕ, ಎಮ್ಮಿ ಒದ್ದವೇನು?" ಎಂದ.

"ಅರವತ್ತಕ್ಕ ಅರವತ್ತೂ ಒದ್ದವು" ಎಂದು ಇಂಚರಾ ಪಕ್ಕದಲ್ಲಿ ಕುಳಿತಳು. ಎಲ್ಲ ಕೇಳಿದ ಮೇಲೆ ಅವನು ನಗುವುದನ್ನು ಬಿಟ್ಟ. ಮಂಡಕ್ಕಿಯ ಪೊಟ್ಟಣವನ್ನು ಅವಳ ಕಡೆಗೆ ಸರಿಸಿದ.

"ಡಬ್ಬಿ ಕೆಟ್ಟೈತಿ ಅಂತ ಹೇಳಿಬಿಡ್ತೀನಿ. ಸೋಮವಾರ ಎಲ್ಲಾರ ಮುಂದ ಬ್ಯಾಡ. ಆಮ್ಯಾಲ ಸಮಾಧಾನದಿಂದ ಪತ್ರಿಕೆಗೆ ತಿದ್ದುಪಡಿ ಬರದರಾತು."

"ಈಗ ನನ್ನನ್ನ ರಮಿಸಾಕ ಬಂದೀಯೇನು? ಸುಮ್ಮನ ಡಬ್ಬಿ ತಗೊಂಡ ಬಾ."

ಸೋಮವಾರ ಪೆಂಡಾಲು ತುಂಬಿತ್ತು. ಇಂಚರಾ ಮೈಕಿನ ಮುಂದೆ ನಿಂತಳು. ಡಬ್ಬಿ ಗುಂಯ್ ಎಂದು ವೇದಿಕೆಯ ಮೇಲೆ ಎರಡು ಸಾಲು ಎಮ್ಮೆ ನಿಲ್ಲಿಸಿತು. ಯಾವ ಸಾಲು ದಪ್ಪ, ಯಾವುದು ಬಡಕಲು ಎಂದು ತೋರಿಸಿದಳು. ಮೇವಿನ ಬಗ್ಗೆ ತಾನು ಕೇಳಿದ ಪ್ರಶ್ನೆ, ಜನ ಕೊಟ್ಟ ಉತ್ತರ, ಉಪ್ಪುನೀರು ಹಾಕದೆ ಬಿಟ್ಟದ್ದು, ಒಲೆಯ ಮೇಲಿನ ಪಾತ್ರೆ, ಎಲ್ಲವನ್ನೂ ಹೇಳಿದಳು. "ನನ್ನ ಸೂಜಿ ಕೆಲಸ ಮಾಡ್ತೈತೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತೈತಿ ಅಂತ ಬರದಿದ್ದೆ. ಅದು ತಪ್ಪು" ಎಂದಳು.

ಆಗ ಎಲ್ಲಿಂದಲೋ ಒಬ್ಬಳು ಹೆಂಗಸು, "ಅಯ್ಯ, ನಾನೂ ಹುರಳಿ ಹಾಕಿದ್ನೆವ್ವಾ!" ಎಂದಳು. ಇನ್ನೊಬ್ಬಳು, "ನಾ ಬೆಲ್ಲದ ಕೂಡ ಕೊಬ್ರಿನೂ ಹಾಕಿದ್ದೆ!" ಎಂದಳು. ನಗು ಹಿಂದಿನ ಸಾಲಿನವರೆಗೂ ಹಬ್ಬಿತು. ಕೆಳಗೆ ಕುಳಿತಿದ್ದ ಚಿನ್ಮಯ ಅವರೂ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು.

ಅಷ್ಟರಲ್ಲಿ ಒಬ್ಬ ಯುವಕ ಎದ್ದು, "ಹಂಗಾರ ಹುರಳಿನ ಔಷಧಾ! ಇವತ್ತಿಂದ ಎಲ್ಲಾ ಎಮ್ಮಿಗೂ ಹುರಳಿ!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಇಂಚರಾಳಿಗೂ ಜೀವ ಬಂದಂತಾಯಿತು. ಸೋತ ಕಡೆಯೇ ಗೆಲುವು ಕಾಣುತ್ತಿರುವಾಗ ಯಾರಿಗೆ ಬೇಡ? ಹೌದೆನ್ನಲು ಬಾಯಿ ತೆರೆದಿದ್ದಳು.

"ಏ ತಮ್ಮಾ, ಕುಂದರು" ಎಂದು ಪ್ರಿಯಾಂಕವ್ವ ಎದ್ದಳು. "ಚೀಟಿ ಎತ್ತೀಯೇನು? ಹುರಳಿ ತಿಂದ ಎಮ್ಮಿ ಸೂಜೀನೂ ಚುಚ್ಚಿಸ್ಕೊಂಡಾವು. ಬರೇ ಹುರಳಿ ತಿಂದ ಎಮ್ಮಿ ಎಲ್ಲೈತಿ? ತೋರಸು."

ಯುವಕ ವೇದಿಕೆಯ ಎರಡೂ ಸಾಲು ನೋಡಿದ. ಅಂಥ ಒಂದು ಎಮ್ಮೆಯೂ ಅಲ್ಲಿರಲಿಲ್ಲ. ಕುಳಿತುಕೊಂಡ. ಇಂಚರಾ ತೆರೆದ ಬಾಯನ್ನು ಮುಚ್ಚಿಕೊಂಡಳು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು.

ಎರಡನೆಯ ಪ್ರಯೋಗಕ್ಕೆ ಅರವತ್ತರ ಬದಲು ಇನ್ನೂರು ಎಮ್ಮೆಗಳು ಬಂದವು. ಜನ ತಾವಾಗಿಯೇ ಹೊಡೆದುಕೊಂಡು ಬಂದರು. ಈ ಸಲ ಎಲ್ಲಕ್ಕೂ ಸೂಜಿ, ಅರ್ಧಕ್ಕೆ ಔಷಧ, ಅರ್ಧಕ್ಕೆ ಉಪ್ಪುನೀರು. ಯಾವ ಸೀಸೆಯಲ್ಲಿ ಏನಿದೆಯೆಂಬುದು ರೆಹಮತ್‌ನ ಡಬ್ಬಿಗೆ ಬಿಟ್ಟರೆ ಯಾರಿಗೂ, ಇಂಚರಾಳಿಗೂ ಗೊತ್ತಿರಲಿಲ್ಲ. ಎಲ್ಲ ಎಮ್ಮೆಗಳೂ ಮುನಿಸಿಕೊಂಡವು, ಎಲ್ಲವನ್ನೂ ರಮಿಸಲಾಯಿತು. ಗೌರಿಗೆ ಆ ವರ್ಷ ಸುಗ್ಗಿ. ಬರೀ ಹುರುಳಿಯ ಗುಣ, ಬರೀ ಸೂಜಿಯ ಗುಣ ನೋಡಲು, ರಮಿಸುವ ಪದ್ಧತಿಯಿಲ್ಲದ ದೂರದ ಊರುಗಳಲ್ಲಿ ಬೇರೆಯೇ ಚೀಟಿ ಎತ್ತಿದರು.

ಮರುವರ್ಷ ಫಲಿತಾಂಶ ಬಂತು. ಕನ್ನಡಿಯಲ್ಲಿ ನಿಂತ ಎರಡು ಸಾಲುಗಳಲ್ಲಿ ಔಷಧದ್ದು ಯಾವುದು, ಉಪ್ಪುನೀರಿನದು ಯಾವುದು ಎಂದು ಬೆದೆಸೂಜಿಯನ್ನು ಹೆತ್ತ ಇಂಚರಾಳಿಗೂ ಹೇಳಲಾಗಲಿಲ್ಲ. ಎರಡೂ ದುಂಡಗೆ, ಎರಡೂ ಗಬ್ಬ. ದೂರದ ಊರುಗಳಲ್ಲಿ ಬರೀ ಸೂಜಿಯಿಂದ ಏನೂ ಆಗಿರಲಿಲ್ಲ; ಬರೀ ಹುರುಳಿ ಬಡಕಲು ಎಮ್ಮೆಗಳಿಗೆ ನೆರವಾಗಿತ್ತು, ಮೊದಲೇ ಮೈತುಂಬಿದವುಗಳಿಗೆ ಏನೂ ಮಾಡಿರಲಿಲ್ಲ. ಇಂಚರಾ 'ಬೆದೆಸೂಜಿ ಕೆಲಸ ಮಾಡುವುದಿಲ್ಲ' ಎಂದೇ ತಲೆಬರಹ ಕೊಟ್ಟು ಪ್ರಬಂಧ ಬರೆದಳು. ಮೊದಲನೆಯದಕ್ಕಿಂತ ಇದನ್ನೇ ಹೆಚ್ಚು ಜನ ಓದಿದರು.

"ಈಗ ನೋಡ್ರಿ, ಎರಡೂ ಸಾಲು ಒಂದ ನಮೂನಿ ಚಂದ" ಎಂದಳು ಪ್ರಿಯಾಂಕವ್ವ, ಬೆಳಕಿನ ಗೌರಿಯನ್ನು ಕಣ್ತುಂಬ ನೋಡುತ್ತ. ಆಮೇಲೆ ಇಂಚರಾಳ ಕಡೆಗೆ ತಿರುಗಿ, "ಬಾಯಾರ, ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೊದಲನೇ ಕಾಗದಾ ಬರಿಯೂ ಮುಂದ ನೀವೂ ಹುರಳಿ ಹಾಕಿದ್ರಿ. ನಾವು ಎಮ್ಮಿ ರಮಿಸಿದ್ವಿ, ನೀವು ಲೆಕ್ಕಾ ರಮಿಸಿದ್ರಿ" ಎಂದಳು.

ಇಂಚರಾ ಸಿಟ್ಟಾಗಲಿಲ್ಲ. ಆ ಮಾತನ್ನು ದೊಡ್ಡಕ್ಷರದಲ್ಲಿ ಬರೆಸಿ ಆಸ್ಪತ್ರೆಯ ಗೋಡೆಗೆ ಹಾಕಿಸಿದಳು.

ಕೆಲವು ವರ್ಷಗಳ ಮೇಲೆ ಒಂದು ದಿನ ಪುಡಿ ಕಂಪನಿಯ ಆ ಹಳೆಯ ತರುಣ ಮತ್ತೆ ಬಂದ. ಕನ್ನಡಿ ಕೆಟ್ಟು ಮೂಲೆಯಲ್ಲಿತ್ತು. ಬಿಚ್ಚಿ ಸರಿಪಡಿಸಲು ರೆಹಮತ್ ಅದೇ ದಿನ ಬಂದಿದ್ದ. ತರುಣ ಹೊಸ ಪ್ರಬಂಧ ತೆಗೆದ. ಕಟ್ಟೆಯ ಮೇಲಿದ್ದವರು ಡಬ್ಬಿಯ ಕಡೆ ನೋಡಲೇ ಇಲ್ಲ. ಎಷ್ಟು ದನ, ಯಾವ ಸೀಮೆಯವು, ಪುಡಿ ತಿನ್ನದವಕ್ಕೆ ಏನು ತಿನ್ನಿಸಿದಿರಿ, ಯಾವುದಕ್ಕೆ ಯಾವುದೆಂದು ಕಟ್ಟಿದವರಿಗೆ ಗೊತ್ತಿತ್ತೇ, ನಡುವೆ ಬಿಟ್ಟುಹೋದವು ಎಷ್ಟು, ಅವುಗಳ ಗತಿ ಏನಾಯಿತು ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು. ತರುಣ ಈ ಸಲ ಎಲ್ಲಕ್ಕೂ ಉತ್ತರ ತಂದಿದ್ದ. ಬೆವರು ಒರೆಸಿಕೊಳ್ಳುತ್ತ ಒಂದೊಂದಾಗಿ ಹೇಳಿದ. ಕೊನೆಗೆ ಪ್ರಿಯಾಂಕವ್ವ, "ಈ ಪುಡಿ ನೋಡಬಹುದವ್ವಾ" ಎಂದಳು.

ರೆಹಮತ್ ಕೈಯಲ್ಲಿದ್ದ ತಿರುಪುಳಿಯನ್ನು ಕೆಳಗಿಟ್ಟ. "ಇಂಚರಾ, ಇದನ್ನ ಇನ್ಯಾಕ ರಿಪೇರಿ ಮಾಡ್ಲಿ?" ಎಂದು ನಕ್ಕ. ಆ ನಗುವಿನಲ್ಲಿ ಬೇಸರದ ಎಳೆಯೂ ಇರಲಿಲ್ಲ.

ಕೊಟ್ಟಿಗೆಗನ್ನಡಿ ಬರಲು ಇನ್ನೂ ಕೆಲವು ದಶಕ ಬೇಕು. ಬರುತ್ತದೋ ಇಲ್ಲವೋ, ಅದೂ ಹೇಳಲಾಗದು. ಆದರೆ ಇವತ್ತು ಬೆಳಿಗ್ಗೆ ನಿಮ್ಮ ಫೋನಿಗೆ ಯಾವುದೋ ಕಷಾಯದ, ಯಾವುದೋ ಮಾತ್ರೆಯ ಸುದ್ದಿ ಬಂದಿರಬೇಕು, ನೂರರಲ್ಲಿ ತೊಂಬತ್ತು ಮಂದಿಗೆ ಗುಣವಾಯಿತೆಂದು. ಅದನ್ನು ಮುಂದಕ್ಕೆ ಕಳಿಸುವ ಮೊದಲು ಅಂಗಳಕ್ಕೊಮ್ಮೆ ಇಣುಕಿ ನೋಡಿ. ಆ ನೂರರ ಲೆಕ್ಕಕ್ಕೇ ಬರದ ಗೂಟಗಳು ಎಷ್ಟು ಖಾಲಿಯಿವೆ? ಒಲೆಯ ಮೇಲೆ ಏನು ಕುದಿಯುತ್ತಿದೆ?